ಕಾದ ಮೇಲೆ ನಿಲ್ಲುವ ಎಂಜಿನ್

ಯಂತ್ರಗಳಿಗೆ ಬರುವ ವ್ಯಾಧಿಗಳಲ್ಲಿ ಅತ್ಯಂತ ಕ್ಲೇಶಕರವಾದುದು ಯಾವುದೆಂದು ಅನುಭವಿಗಳನ್ನು ಕೇಳಿದರೆ, ಪೂರ್ತಿಯಾಗಿ ಕೆಟ್ಟು ಕುಳಿತ ಎಂಜಿನ್ನನ್ನು ಯಾರೂ ಹೆಸರಿಸುವುದಿಲ್ಲ. ಮುಂಜಾನೆಯ ತಂಪಿನಲ್ಲಿ ಒಂದೇ ಸಲಕ್ಕೆ ಚಾಲೂ ಆಗಿ, ಒಂದೆರಡು ತಾಸು ನಿರಾತಂಕವಾಗಿ ದುಡಿದು, ಬಿಸಿಲೇರಿ ಕೆಲಸ ಬಿರುಸಾದ ಹೊತ್ತಿನಲ್ಲಿ ಹೊಲದ ನಟ್ಟನಡುವೆ ನಿಂತುಬಿಟ್ಟು, ಅರ್ಧ ತಾಸು ಬೇವಿನ ನೆರಳಲ್ಲಿ ಕುಳಿತೆದ್ದು ಬಂದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊತ್ತಿಕೊಳ್ಳುವ ಎಂಜಿನ್ನನ್ನೇ ಎಲ್ಲರೂ ಹೆಸರಿಸುತ್ತಾರೆ. ವೈದ್ಯನು ಮನೆಗೆ ಬರುವಷ್ಟರಲ್ಲಿ ಇಳಿದುಹೋಗುವ ಚಳಿಜ್ವರದ ಹಾಗೆ, ಮೆಕ್ಯಾನಿಕ್ಕು ಸ್ಪ್ಯಾನರು ಹಿಡಿದು ಹೊಲಕ್ಕೆ ಬರುವ ವೇಳೆಗೆ ಈ ರೋಗದ ಲಕ್ಷಣಗಳೆಲ್ಲ ಮಾಯವಾಗಿರುತ್ತವೆ. ಆತನು ಊಹೆಯ ಮೇಲೆ ಒಂದು ಭಾಗವನ್ನು ಬದಲಾಯಿಸುತ್ತಾನೆ, ಗಾಡಿ ಓಡುತ್ತದೆ, ಹಣ ಕೈ ಬದಲಾಗುತ್ತದೆ, ಮರುದಿನ ಅದೇ ಹೊತ್ತಿಗೆ ಅದೇ ಸಾಲಿನಲ್ಲಿ ಗಾಡಿ ಮತ್ತೆ ಬಂದ್ ಬೀಳುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ಈ ವ್ಯಾಧಿಗೆ ಹೇಳಿ ಮಾಡಿಸಿದಂತಿದೆ. 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿ, ಆ ದಿನ ಮೈಸೂರು ರಾಜ್ಯವನ್ನು ಕೂಡಿಕೊಂಡ ಈ ನೆಲ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಗಳ ಗಡಿಗೆರೆ ಎಷ್ಟು ಸಲ ಜರುಗಿದರೂ ಇಲ್ಲಿಯ ಬಿಸಿಲು ಮಾತ್ರ ಜರುಗಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನವು ನಲವತ್ತು ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿಯೇ ಮುಂಗಾರಿಗೆ ಮುನ್ನಿನ ಮಾಗಿ ಉಳುಮೆ ಸಾಗಬೇಕು. ಒಣಗಿ ಬಿರಿದ ಎರೆ ಹೊಲದಲ್ಲಿ ಪಲ್ಟಿ ರಂಟೆಯನ್ನು ಎಳೆಯುವಾಗ ಎಂಜಿನ್ನಿನ ಮೇಲೆ ಬೀಳುವ ಭಾರವು ಮಸಾರಿ ನೆಲದಲ್ಲಿ ಕುಂಟೆ ಹೊಡೆಯುವಾಗ ಬೀಳುವ ಭಾರಕ್ಕಿಂತ ಎಷ್ಟೋ ಪಾಲು ಅಧಿಕ. ಮೆಕ್ಕೆಜೋಳದ ರಾಶಿಯ ಕಾಲದಲ್ಲಾದರೋ ಗಾಡಿ ನಿಂತಲ್ಲೇ ನಿಂತು ತಾಸುಗಟ್ಟಲೆ ರಾಶಿ ಮಷಿನ್ನನ್ನು ತಿರುಗಿಸುತ್ತಿರುತ್ತದೆ, ತೂರಿಬಂದ ಹೊಟ್ಟೆಲ್ಲ ಅದರ ರೇಡಿಯೇಟರಿಗೇ ಬಂದು ಅಂಟುತ್ತದೆ.

ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರೆಂದರೆ ಡೀಸೆಲ್ ಟ್ರ್ಯಾಕ್ಟರೇ. ಮದರಾಸಿನಲ್ಲಿ 1960ರಲ್ಲಿ ಹುಟ್ಟಿದ ಟಾಫೆಯ ಮ್ಯಾಸ್ಸಿ, 1963ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿಯ ಬಿ-275, 1971ರಿಂದ ಪಿಂಜೋರಿನಲ್ಲಿ ತಯಾರಾದ ಎಚ್‌ಎಂಟಿ, ಇವೆಲ್ಲವೂ ಡೀಸೆಲ್ಲನ್ನೇ ಕುಡಿದವು. ಆದರೆ ಜಗತ್ತಿನಲ್ಲಿ ಟ್ರ್ಯಾಕ್ಟರೆಂಬ ವಸ್ತು ಪ್ರಾಯಕ್ಕೆ ಬಂದದ್ದು ಪೆಟ್ರೋಲು ಮತ್ತು ಸೀಮೆಎಣ್ಣೆಗಳ ಬಲದಿಂದ: 1917ರಲ್ಲಿ ಹೊರಬಂದ ಫೋರ್ಡ್‌ಸನ್, ಎರಡನೆಯ ಮಹಾಯುದ್ಧದ ಮರುವರ್ಷ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾಗತೊಡಗಿ ಹತ್ತು ವರ್ಷಗಳಲ್ಲಿ ಐದು ಲಕ್ಷವನ್ನು ಮೀರಿದ ಫರ್ಗುಸನ್ ಟಿಇ-20, ಅಮೆರಿಕದಲ್ಲಿ 1947ರಿಂದ 1952ರವರೆಗೆ ಬಂದ ಫೋರ್ಡ್ 8ಎನ್, ಇವುಗಳ ಕುಲದವು ಇಂದಿಗೂ ಅಲ್ಲಲ್ಲಿ ದುಡಿಯುತ್ತಿವೆ. ಕಿಡಿಯಿಂದ ಹೊತ್ತುವ ಎಂಜಿನ್ನು ನಮ್ಮಲ್ಲಿಯೂ ಅಪರಿಚಿತವಲ್ಲ. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಗೆ ತಿರುಗಿಸುವ ಪಂಪ್‌ಸೆಟ್ಟು, ಮಲ್ಲಿಗೆ ತೋಟದಲ್ಲಿ ಬೆನ್ನಿಗೇರಿಸಿಕೊಳ್ಳುವ ಔಷಧಿ ಸಿಂಪಡಿಸುವ ಯಂತ್ರ, ಕಳೆ ತೆಗೆಯುವ ಚಿಕ್ಕ ಗಾಡಿ, ಎಲ್ಲವೂ ಅದೇ ವಂಶದವು. ಹಳೆಯ ಪೆಟ್ರೋಲ್ ಟ್ರ್ಯಾಕ್ಟರನ್ನು ಮೊದಲು ಪರೀಕ್ಷಿಸಲು ಇನ್ನೊಂದು ಕಾರಣವೂ ಉಂಟು: ಅದರ ಅಂಗಾಂಗಗಳೆಲ್ಲ ಹೊರಗೇ ಕಾಣುವುದರಿಂದ, ಅದರಲ್ಲಿ ಕಲಿತ ತರ್ಕವನ್ನು ಡೀಸೆಲ್ಲಿಗೆ ಅನ್ವಯಿಸುವುದು ಸುಲಭವಾಗುತ್ತದೆ.

ಹರಪನಹಳ್ಳಿಯ ಕಡೆಯ ಗ್ಯಾರೇಜುಗಳಲ್ಲಿ ನಡೆಯುವ ಮಾತಿನ ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ. "ಒಂದ್ ತಾಸು ಚಲೋ ಓಡ್ತೈತಪ್ಪ, ಆಮ್ಯಾಲೆ ಬಂದ್ ಬೀಳ್ತೈತಿ. ತಣ್ಣಗಾದ್ರ ಮತ್ತ ಚಾಲೂ," ಎನ್ನುತ್ತಾನೆ ರೈತ. ಮೆಕ್ಯಾನಿಕ್ಕು ಎಳೆಯನಾದರೆ ಕೂಡಲೇ ಬಾನೆಟ್ ಎತ್ತುತ್ತಾನೆ, ನುರಿತವನಾದರೆ ಒಂದು ಪ್ರಶ್ನೆ ಕೇಳುತ್ತಾನೆ: "ಬೀಳಾವಾಗ ಹೆಂಗ ಬಿತ್ತು ಯಜಮಾನ್ರೆ, ಟಕ್ ಅಂತ ಬಿತ್ತೋ, ಕೆಮ್ಮಿ ಕೆಮ್ಮಿ ಬಿತ್ತೋ?" ಈ ಒಂದು ಪ್ರಶ್ನೆಯಲ್ಲಿ ಅರ್ಧ ಶಾಸ್ತ್ರ ಅಡಗಿದೆ. ಕೀಲಿ ತಿರುವಿದಂತೆ ಒಮ್ಮೆಲೇ ಸತ್ತುಹೋದ ಎಂಜಿನ್ನಿಗೆ ಬಹುಮಟ್ಟಿಗೆ ಕಿಡಿ ತಪ್ಪಿರುತ್ತದೆ, ಏಕೆಂದರೆ ವಿದ್ಯುತ್ತು ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಕೆಮ್ಮುತ್ತ, ಏದುತ್ತ, ಆಗಾಗ ಚೇತರಿಸಿಕೊಂಡಂತೆ ತೋರಿ ಕೊನೆಗೆ ನಿಂತ ಎಂಜಿನ್ನಿಗೆ ಇಂಧನ ಸಾಲದೆ ಬಂದಿರುತ್ತದೆ, ಏಕೆಂದರೆ ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲು ಒಮ್ಮೆಗೇ ಬರಿದಾಗದೆ ಇಳಿಯುತ್ತ ಹೋಗುತ್ತದೆ. ಕೆಮ್ಮುತ್ತಿರುವಾಗಲೇ ಚೋಕನ್ನು ಸ್ವಲ್ಪ ಎಳೆದು ನೋಡಬೇಕು. ಎಳೆದಾಗ ಎಂಜಿನ್ನು ಕ್ಷಣಕಾಲ ಉಸಿರಾಡಿಕೊಂಡರೆ ಇಂಧನದ ಕೊರತೆಯ ಬಗ್ಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಮೊದಲು ಕಿಡಿಯನ್ನು ವಿಚಾರಿಸೋಣ. ಬ್ಯಾಟರಿಯ ಆರು ಅಥವಾ ಹನ್ನೆರಡು ವೋಲ್ಟುಗಳನ್ನು ಹಲವಾರು ಸಾವಿರ ವೋಲ್ಟುಗಳಿಗೆ ಏರಿಸುವ ಕಾಯಿಲ್ ಎಂಬ ಡಬ್ಬಿಯೊಳಗೆ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಹತ್ತಿಪ್ಪತ್ತು ಸಾವಿರ ಸುತ್ತುಗಳಿರುತ್ತವೆ. ತಾಮ್ರವು ಒಂದು ಡಿಗ್ರಿ ಕಾದರೆ ಅದರ ರೋಧವು ನೂರಕ್ಕೆ 0.4ರಷ್ಟು ಏರುತ್ತದೆ, ಮೂವತ್ತು ಡಿಗ್ರಿಯಲ್ಲಿದ್ದ ಕಾಯಿಲ್ಲು ಎಂಜಿನ್ನಿನ ಮಗ್ಗುಲಲ್ಲಿ ನೂರು ಡಿಗ್ರಿಗೆ ಕಾದರೆ ರೋಧವು ಕಾಲುಭಾಗಕ್ಕೂ ಮೀರಿ ಹೆಚ್ಚಿ, ಹರಿಯುವ ವಿದ್ಯುತ್ತು ಅಷ್ಟು ಕುಗ್ಗಿ, ಅದರ ವರ್ಗವನ್ನು ಅವಲಂಬಿಸಿದ ಕಿಡಿಯ ಶಕ್ತಿಯು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಹೊಸ ಕಾಯಿಲ್ಲು ಈ ನಷ್ಟವನ್ನು ತಾಳಿಕೊಳ್ಳಬಲ್ಲದು. ಸುತ್ತುಗಳ ನಡುವಿನ ಅವಾಹಕ ಲೇಪವು ವರ್ಷಗಳ ಕಾವಿಗೆ ಬಿರಿದ ಹಳೆಯ ಕಾಯಿಲ್ಲಿನಲ್ಲಿ, ಕಾದು ಹಿಗ್ಗಿದಾಗ ಬಿರುಕುಗಳ ಮೂಲಕ ವಿದ್ಯುತ್ತು ಒಳಗೊಳಗೇ ಸೋರಿ, ತಣಿದು ಕುಗ್ಗಿದಾಗ ಬಿರುಕು ಮುಚ್ಚಿಕೊಂಡು ಎಲ್ಲವೂ ಸರಿಯಾಗಿಬಿಡುತ್ತದೆ.

ಇಲ್ಲಿ ಮೆಕ್ಯಾನಿಕ್ಕುಗಳು ಸಾಮಾನ್ಯವಾಗಿ ಮೋಸಹೋಗುವ ಒಂದು ಘಟ್ಟವಿದೆ. ಪ್ಲಗ್ಗನ್ನು ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು ತಿರುಗಿಸಿ, ಕಿಡಿ ಹಾರಿದ್ದನ್ನು ಕಂಡು "ಕರೆಂಟ್ ಐತಿ" ಎಂದು ತೀರ್ಮಾನಿಸುವುದು ವಾಡಿಕೆ. ಆದರೆ ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಖ್ ಪಾಶೆನ್ 1889ರಲ್ಲಿಯೇ ತೋರಿಸಿಕೊಟ್ಟಂತೆ, ಕಿಡಿ ಹಾರಲು ಬೇಕಾಗುವ ವೋಲ್ಟೇಜು ಕೇವಲ ಸಂದಿಯ ಅಳತೆಯನ್ನಲ್ಲದೆ ಅಲ್ಲಿಯ ಅನಿಲದ ಒತ್ತಡವನ್ನೂ ಅವಲಂಬಿಸಿದೆ. ಬಯಲಿನಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚಿನ ಪ್ಲಗ್ಗಿನ ಸಂದಿಯನ್ನು ದಾಟಲು ಎರಡು ಮೂರು ಸಾವಿರ ವೋಲ್ಟು ಸಾಕು; ಪಿಸ್ಟನ್ನು ಗಾಳಿಯನ್ನು ಆರರಲ್ಲೊಂದು ಪಾಲಿಗೆ ಒತ್ತಿ ಹಿಡಿದಾಗ ಅದೇ ಸಂದಿಗೆ ಅದರ ಕೆಲವು ಪಟ್ಟು ಬೇಕು. ಅಲ್ಲದೆ ಬರಿದೇ ತಿರುಗುವ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಒಳಹೋಗುವ ಗಾಳಿ ಪೂರ್ಣಭಾರದ ಮೂರರಲ್ಲೊಂದು ಪಾಲಿನಷ್ಟೇ ಇರುತ್ತದೆ. ರಂಟೆ ನೆಲಕ್ಕಿಳಿದು ಥ್ರಾಟಲ್ ತೆರೆದೊಡನೆ ಸಿಲಿಂಡರು ದಟ್ಟವಾಗಿ ತುಂಬಿ, ಕಿಡಿಯ ಎದುರಿನ ತಡೆ ಹಲವು ಮಡಿ ಬೆಳೆಯುತ್ತದೆ. ಆದುದರಿಂದ ಬರಿದೇ ನಿಂತಾಗ ಚೆನ್ನಾಗಿ ಓಡಿ, ಕೆಲಸಕ್ಕೆ ಹಚ್ಚಿದೊಡನೆ ಸಾಯುವ ಗಾಡಿಯಲ್ಲಿ, ದುರ್ಬಲವಾದ ಕಾಯಿಲ್ಲಿನ ಮೇಲೆ ಸಂಶಯ ಪಡುವುದು ನ್ಯಾಯವಾದದ್ದೇ. ಇದಕ್ಕೆ ತಕ್ಕ ಪರೀಕ್ಷೆಯೆಂದರೆ, ಗಾಡಿ ನಿಂತ ಕೂಡಲೇ, ಕಾಯಿಲ್ಲು ಮುಟ್ಟಲಾರದಷ್ಟು ಬಿಸಿಯಿರುವಾಗಲೇ, ಪ್ಲಗ್ಗಿನ ಬದಲು ಆರು ಮಿಲಿಮೀಟರಿನಷ್ಟು ಅಗಲವಾದ ಸಂದಿಯನ್ನು ಕಿಡಿಯ ಮುಂದೆ ಇಟ್ಟು ನೋಡುವುದು: ನೀಲಿಯಾದ ದಪ್ಪ ಕಿಡಿ ಚಟಚಟನೆ ಹಾರಿದರೆ ಕಾಯಿಲ್ಲು ನಿರ್ದೋಷಿ, ಹಳದಿಯ ತೆಳುಗೆರೆಯೊಂದು ಕಂಡೂ ಕಾಣದಂತೆ ಮಿನುಗಿದರೆ ಅಥವಾ ಏನೂ ಹಾರದಿದ್ದರೆ ಅದರ ದಿನ ತುಂಬಿತೆಂದು ತಿಳಿಯಬೇಕು.

ಕಾಯಿಲ್ಲಿಗೆ ತಪ್ಪು ಹೊರಿಸುವ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕಾಯಿಲ್ಲಿನ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟುಗಳ ಮುಖವನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಆರೋಗ್ಯವಂತ ಪಾಯಿಂಟುಗಳ ಮುಖ ಬೂದು ಬಣ್ಣದ್ದಾಗಿ ಸಮವಾಗಿರುತ್ತದೆ. ಒಂದರ ಮೇಲೆ ಸಣ್ಣ ಗುಳಿಯೂ ಅದರ ಎದುರಿನದರ ಮೇಲೆ ಅಷ್ಟೇ ಗಾತ್ರದ ಗುಬ್ಬೆಯೂ ಎದ್ದಿದ್ದರೆ, ಲೋಹವು ಕಿಡಿಯ ಜೊತೆಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಲಸೆ ಹೋಗಿದೆಯೆಂದೂ, ಅದನ್ನು ತಡೆಯಬೇಕಾದ ಕಂಡೆನ್ಸರು ತನ್ನ ಕೆಲಸ ಮಾಡುತ್ತಿಲ್ಲವೆಂದೂ ಅರ್ಥ. ಕಿರುಬೆರಳಿನ ತುದಿಯಷ್ಟಿರುವ, ಅತ್ಯಲ್ಪ ಬೆಲೆಯ ಈ ಕಂಡೆನ್ಸರೂ ಕಾವಿಗೆ ಕೆಟ್ಟು ತಂಪಿಗೆ ಚೇತರಿಸಿಕೊಳ್ಳುವ ಜಾತಿಯದೇ. ಸಂದಿಯನ್ನು ಸುಮಾರು 0.4 ಮಿಲಿಮೀಟರಿಗೆ ಕೂರಿಸಿ, ಪಾಯಿಂಟು ಕಂಡೆನ್ಸರುಗಳೆರಡನ್ನೂ ಒಟ್ಟಿಗೆ ಬದಲಾಯಿಸುವುದು ಮಿತವ್ಯಯದ ದೃಷ್ಟಿಯಿಂದಲೂ ಲೇಸು.

ಇಂಧನದ ವಿಷಯ ಇದಕ್ಕಿಂತ ಸ್ವಾರಸ್ಯಕರ. ಟ್ಯಾಂಕಿನ ಮುಚ್ಚಳದಲ್ಲಿ ಗುಂಡುಸೂಜಿಯ ಮೊನೆಯಷ್ಟು ಸೂಕ್ಷ್ಮವಾದ ರಂಧ್ರವೊಂದಿರುತ್ತದೆ. ಪೆಟ್ರೋಲು ಕೆಳಗಿಳಿದಂತೆ ಅಷ್ಟೇ ಗಾಳಿ ಮೇಲಿನಿಂದ ಒಳಬರಲೆಂಬುದು ಅದರ ಉದ್ದೇಶ. ಎರೆ ಮಣ್ಣಿನ ಧೂಳು ಸೇರಿ ಅದು ಮುಚ್ಚಿಹೋಯಿತೆನ್ನಿ. ಹಳೆಯ ಟ್ರ್ಯಾಕ್ಟರುಗಳಲ್ಲಿ ಪಂಪಿಲ್ಲದೆ ಪೆಟ್ರೋಲು ತನ್ನ ತೂಕದಿಂದಲೇ ಇಳಿಯಬೇಕು. ಮೂವತ್ತು ಸೆಂಟಿಮೀಟರು ಎತ್ತರದ ಪೆಟ್ರೋಲಿನ ಕಂಬವು ಒತ್ತುವ ಒತ್ತಡವು ನಮ್ಮನ್ನು ಸುತ್ತುವರಿದ ವಾಯುವಿನ ಒತ್ತಡದಲ್ಲಿ ನೂರಕ್ಕೆ ಎರಡು ಪಾಲನ್ನು ಸ್ವಲ್ಪ ಮೀರುವಷ್ಟು ಮಾತ್ರ. ಟ್ಯಾಂಕಿನೊಳಗೆ ಹತ್ತು ಲೀಟರಿನಷ್ಟು ಬರಿಯ ಜಾಗವಿದ್ದಲ್ಲಿ, ಪೆಟ್ರೋಲಿನ ಆವಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕಾಲು ಲೀಟರಿಗಿಂತ ಕಡಿಮೆ ಪೆಟ್ರೋಲು ಇಳಿದೊಡನೆ ಒಳಗಿನ ಗಾಳಿ ಆ ಎರಡು ಪಾಲಿನಷ್ಟು ತೆಳುವಾಗಿ, ಹರಿವು ನಿಂತೇಹೋಗುತ್ತದೆ. ಗಂಟೆಗೆ ಐದು ಲೀಟರು ಕುಡಿಯುತ್ತ ಉಳುವ ಗಾಡಿಗೆ ಅದು ಮೂರು ನಿಮಿಷದ ಮಾತು! ವಾಸ್ತವದಲ್ಲಿ ರಂಧ್ರವು ಪೂರ್ತಿಯಾಗಿ ಮುಚ್ಚದೆ ಚೂರು ಗಾಳಿಯನ್ನು ಬಿಡುತ್ತಲೇ ಇರುವುದರಿಂದ, ಬರಿದೇ ನಿಂತ ಗಾಡಿಯ ಅಲ್ಪಾಹಾರಕ್ಕೆ ಅಷ್ಟು ಸಾಕಾಗಿ, ಉಳುವ ಗಾಡಿಯ ಹಸಿವಿಗೆ ಮಾತ್ರ ಸಾಲದೆ ಬರುತ್ತದೆ. ಗಾಡಿ ನಿಂತು ಅರ್ಧ ತಾಸು ಕಳೆಯುವಷ್ಟರಲ್ಲಿ ಗಾಳಿ ಮೆಲ್ಲನೆ ಒಳಸೇರಿ, ಬಟ್ಟಲು ತುಂಬಿ, ಎಂಜಿನ್ನು ಮತ್ತೆ ಹೊತ್ತಿಕೊಳ್ಳುತ್ತದೆ.

ನೋಡುವವರಿಗೆ ಇಲ್ಲಿ ಕಾಣುವುದೇನು? ಗಾಡಿ ಕಾಯಿತು, ನಿಂತಿತು, ತಣ್ಣಗಾಯಿತು, ಓಡಿತು. ಆದರೆ ಕಾವಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ತಣ್ಣಗಾಗಲು ಹಿಡಿದ ಕಾಲವೇ ಗಾಳಿ ಒಳಬರಲೂ ಹಿಡಿಯಿತು, ಅಷ್ಟೆ. ಈ ಅಧ್ಯಾಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ: ಕಾವು, ಭಾರ, ಕಾಲ ಎಂಬ ಮೂರು ಸಂಗತಿಗಳು ಹೊಲದಲ್ಲಿ ಯಾವಾಗಲೂ ಜೊತೆಜೊತೆಯಾಗಿಯೇ ಬರುತ್ತವೆ, ಮತ್ತು ಇವುಗಳನ್ನು ಬೇರೆಬೇರೆ ಮಾಡಿ ನೋಡದ ಹೊರತು ಯಾವುದು ಅಪರಾಧಿಯೆಂದು ಹೇಳಲು ಬರುವುದಿಲ್ಲ. ಗಾಡಿಯನ್ನು ಮನೆಯ ಮುಂದೆಯೇ ಭಾರವಿಲ್ಲದೆ ಒಂದು ತಾಸು ಓಡಿಸಿ ಚೆನ್ನಾಗಿ ಕಾಯಿಸಿ ನೋಡಿ. ನಿಲ್ಲದಿದ್ದರೆ ಕಾವೊಂದೇ ಕಾರಣವಲ್ಲ. ಮುಂಜಾನೆಯ ತಂಪಿನಲ್ಲಿ, ನೀರು ಬೆಚ್ಚಗಾಗುವುದೇ ತಡ, ರಂಟೆಯನ್ನು ಆಳವಾಗಿ ಇಳಿಸಿ ನೋಡಿ. ಆಗಲೇ ನಿಂತರೆ ಭಾರವನ್ನು ವಿಚಾರಿಸಬೇಕು. ಟ್ಯಾಂಕಿನ ಮುಚ್ಚಳವನ್ನು ಸಡಿಲವಾಗಿ ಇಟ್ಟು ಅದೇ ಸಾಲುಗಳನ್ನು ಹೊಡೆದು ನೋಡಿ. ನಿಲ್ಲದಿದ್ದರೆ, ಕಾಸು ಖರ್ಚಿಲ್ಲದೆ ರೋಗ ಸಿಕ್ಕಂತಾಯಿತು. ನಿಂತ ಗಾಡಿಯ ಮುಚ್ಚಳ ತಿರುವಿದಾಗ 'ಸುಂಯ್' ಎಂದು ಗಾಳಿ ಒಳನುಗ್ಗುವ ಸದ್ದು ಕೇಳಿಸುವುದುಂಟು. ಆ ಸದ್ದು ಕೇಳಿದ ಮೇಲೆ ಪೇಟೆಗೆ ಹೋಗಿ ಕಾಯಿಲ್ಲು ಕೊಳ್ಳುವವನಿಗೆ ಹಣ ಹೆಚ್ಚಾಗಿರಬೇಕು.

ಮುಚ್ಚಳ ನಿರ್ದೋಷಿಯಾದರೆ ಎಂಜಿನ್ನು ಆರಿದ ಬಳಿಕ ಕಾರ್ಬುರೇಟರಿನ ತಳದ ತಿರುಪನ್ನು ಬಿಚ್ಚಿ ಗಾಜಿನ ಬಾಟಲಿಗೆ ಪೆಟ್ರೋಲು ಬಿಟ್ಟುಕೊಳ್ಳಬೇಕು. ಎರಡು ಮೂರು ನಿಮಿಷದಲ್ಲಿ ಅರ್ಧ ಲೀಟರಿನಷ್ಟು ಅಖಂಡವಾದ ಧಾರೆ ಬರತಕ್ಕದ್ದು. ಆರಂಭದಲ್ಲಿ ಜೋರಾಗಿ ಬಂದು ಬರಬರುತ್ತ ತೊಟ್ಟಿಕ್ಕಿದರೆ, ಟ್ಯಾಂಕಿನ ತಳದ ಜಾಲರಿಯಲ್ಲೋ ಕಸ ನಿಲ್ಲುವ ಗಾಜಿನ ಬಟ್ಟಲಲ್ಲೋ ತುಕ್ಕು ಕಟ್ಟಿಕೊಂಡಿದೆ. ಅದೇ ಬಾಟಲಿಯ ತಳದಲ್ಲಿ ಮಣಿಯಂತೆ ಉರುಳಾಡುವ ನೀರೂ ಕಾಣಸಿಕ್ಕಬಹುದು. ಈ ಪರೀಕ್ಷೆಯನ್ನೂ ಕಿಡಿಯ ಪರೀಕ್ಷೆಯನ್ನೂ ಒಂದೇ ಹೊತ್ತಿನಲ್ಲಿ ಮಾಡಕೂಡದೆಂಬುದನ್ನೂ, ಬೀಡಿ ಸೇದುವವರನ್ನು ದೂರ ಕಳಿಸಬೇಕೆಂಬುದನ್ನೂ ಹೇಳದೆ ಬಿಡಲಾಗದು.

ಇನ್ನು ನಿಜವಾಗಿಯೂ ಕಾವಿನಿಂದಲೇ ಬರುವ ಇಂಧನದೋಷವೊಂದಿದೆ. ಪೆಟ್ರೋಲು ಒಂದೇ ದ್ರವವಲ್ಲ, ಅನೇಕ ದ್ರವಗಳ ಮಿಶ್ರಣ. ಅದರ ಹಗುರಾದ ಅಂಶಗಳು 35-40 ಡಿಗ್ರಿಯಲ್ಲಿಯೇ ಕುದಿಯತೊಡಗಿದರೆ ಭಾರವಾದವು 200 ಡಿಗ್ರಿಯ ತನಕ ಕಾಯುತ್ತವೆ. ಕೂಡ್ಲಿಗಿಯ ಮೇ ತಿಂಗಳ ನೆರಳಿನಲ್ಲಿಯೇ ಕುದಿಯಲು ಸಿದ್ಧವಾಗಿರುವ ಈ ದ್ರವವು, ಹೊಗೆಕೊಳವೆಯ ಬುಡಕ್ಕೆ ಒತ್ತಿಕೊಂಡು ಹಾಯುವ ತೆಳುನಳಿಗೆಯಲ್ಲಿ ಹೋಗುವಾಗ ಗುಳ್ಳೆಯೆದ್ದು, ಆ ಗುಳ್ಳೆಯೇ ಬಿರಡೆಯಾಗಿ ಹರಿವನ್ನು ತಡೆಯುತ್ತದೆ. ನಳಿಗೆಯನ್ನು ಬಿಸಿಯ ಭಾಗದಿಂದ ನಾಲ್ಕು ಬೆರಳು ದೂರ ಸರಿಸುವುದು ಇದಕ್ಕೆ ಮದ್ದು. ಈಚೆಗೆ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸುವ ಪದ್ಧತಿ ಬಂದ ಮೇಲೆ ಹಳೆಯ ಎಂಜಿನ್ನುಗಳಿಗೆ ಇನ್ನೊಂದು ಸಂಕಟ ಸೇರಿಕೊಂಡಿದೆ: ಎಥನಾಲು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಅರಗಿನ ಲೇಪವಿರುವ ಹಳೆಯ ಕಾರ್ಕಿನ ಫ್ಲೋಟಿನಿಂದ ಆ ಲೇಪವನ್ನೇ ಕರಗಿಸಿಬಿಡುತ್ತದೆ. ಸೀಮೆಎಣ್ಣೆಯ ಪಂಪ್‌ಸೆಟ್ಟಿನ ಕಥೆ ಇದಕ್ಕೆ ವಿಲೋಮವಾದದ್ದು. ಅದು ಕಾಯದಿದ್ದರೆ ಕೆಡುತ್ತದೆ. ಸಾಕಷ್ಟು ಕಾಯುವ ಮುನ್ನವೇ ಪೆಟ್ರೋಲಿನಿಂದ ಸೀಮೆಎಣ್ಣೆಗೆ ತಿರುಗಿಸಿದರೆ, ಆವಿಯಾಗದ ಎಣ್ಣೆ ಪಿಸ್ಟನ್ನಿನ ಮಗ್ಗುಲಿನಿಂದ ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುಮಾಡುತ್ತದೆ.

ಕಿಡಿಯೂ ಇಂಧನವೂ ಸರಿಯಿದ್ದು ಕಾದ ಗಾಡಿಗೆ ಬಲವೇ ಇಲ್ಲದಿದ್ದರೆ ವಾಲ್ವುಗಳ ಸಡಿಲವನ್ನು ಅಳೆಯಬೇಕು. ಹೊಗೆ ಬಿಡುವ ವಾಲ್ವಿನ ದಂಡ ಕಾದು ಉದ್ದವಾಗುತ್ತದೆ. ಅದಕ್ಕೆಂದು ಬಿಟ್ಟ ಮೂರು ನಾಲ್ಕು ದಶಾಂಶ ಮಿಲಿಮೀಟರಿನ ಸಡಿಲವು ಸವೆದು ಇಲ್ಲದಂತಾಗಿದ್ದರೆ, ಕಾದ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಒತ್ತಡವೆಲ್ಲ ಸೋರಿಹೋಗುತ್ತದೆ.

ಗಾಡಿ ಅತಿಯಾಗಿ ಕಾಯುವುದಕ್ಕೆ ನಮ್ಮ ಸೀಮೆಯ ವಿಶಿಷ್ಟ ಕಾರಣವೆಂದರೆ ಬೋರ್‌ವೆಲ್ಲಿನ ಗಡಸು ನೀರು. ಕುಡಿಯಲು ಯೋಗ್ಯವಲ್ಲವೆಂದು ಬಾನಿಯಲ್ಲಿ ಬದಿಗಿಟ್ಟ ನೀರನ್ನು ರೇಡಿಯೇಟರಿಗೆ ಸುರಿಯುವುದು ರೂಢಿ. ಕುದಿದಾಗ ಅದರಲ್ಲಿಯ ಸುಣ್ಣ ಎಂಜಿನ್ನಿನ ಒಳಗೋಡೆಗೆ ಪದರವಾಗಿ ಕಟ್ಟುತ್ತದೆ. ಸುಣ್ಣವು ಎರಕದ ಕಬ್ಬಿಣಕ್ಕಿಂತ ಇಪ್ಪತ್ತು ಪಟ್ಟಿಗೂ ಮೀರಿ ಕಾವನ್ನು ತಡೆಯುವುದರಿಂದ, ಒಂದು ಮಿಲಿಮೀಟರು ಸುಣ್ಣದ ಪದರವು ಗೋಡೆಯನ್ನು ಎರಡು ಸೆಂಟಿಮೀಟರು ದಪ್ಪ ಮಾಡಿದ್ದಕ್ಕೆ ಸಮಾನ. ಹೀಗೆ ಕಾದ ಗಾಡಿಗೆ ಥರ್ಮೋಸ್ಟ್ಯಾಟನ್ನು ಕಿತ್ತೆಸೆಯುವ ಚಿಕಿತ್ಸೆ ಎಲ್ಲೆಡೆಯೂ ಪ್ರಚಲಿತವಾಗಿದೆ. ಅದು ಮುಂಜಾನೆ ಎಂಜಿನ್ನನ್ನು ಬಹಳ ಹೊತ್ತು ತಣ್ಣಗಿರಿಸಿ ಸವೆಸುತ್ತದೆಯೇ ಹೊರತು ಸುಣ್ಣವನ್ನು ಕರಗಿಸುವುದಿಲ್ಲ. ಹೆಂಚಿನ ಮೇಲಿಂದ ಹಿಡಿದ ಮಳೆನೀರಿಗೆ ಕೂಲಂಟ್ ಬೆರೆಸಿ ಹಾಕುವುದು ಅದಕ್ಕಿಂತ ಬುದ್ಧಿವಂತಿಕೆ.

ಈಗ ಡೀಸೆಲ್ಲಿಗೆ ಬರೋಣ. ಇಲ್ಲಿ ಕಿಡಿಯಿಲ್ಲ; ಕಾಯಿಲ್ಲಿನ ಸ್ಥಾನದಲ್ಲಿ, ಹಳ್ಳಿಗಳಲ್ಲಿ ಇಂದಿಗೂ 'ಮೈಕೋ ಪಂಪು' ಎಂದೇ ಕರೆಯಲ್ಪಡುವ ಡೀಸೆಲ್ ಪಂಪಿದೆ. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರು ಹೀಗೆ ಒಂದು ಯಂತ್ರಭಾಗದ ಹೆಸರಾಗಿ ಉಳಿದುಕೊಂಡಿತು. ಆ ಪಂಪಿನ ಪ್ಲಂಜರಿಗೂ ಅದರ ಕವಚಕ್ಕೂ ನಡುವಿನ ಸಂದಿ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ದ್ರವಗಳ ನಿಯಮದ ಪ್ರಕಾರ ಇಂಥ ಸಂದಿಯ ಸೋರಿಕೆ ಅದರ ಅಗಲದ ಘನಕ್ಕೆ ಅನುಗುಣವಾಗಿರುವುದರಿಂದ, ಸವೆದು ಸಂದಿ ಇಮ್ಮಡಿಯಾದರೆ ಸೋರಿಕೆ ಎಂಟು ಮಡಿಯಾಗುತ್ತದೆ. ಅದರ ಮೇಲೆ, ಕಾದ ಡೀಸೆಲ್ಲು ತಣ್ಣನೆಯ ಡೀಸೆಲ್ಲಿನ ಅರ್ಧದಷ್ಟು ಮಾತ್ರ ಗಟ್ಟಿಯಾಗಿರುವುದರಿಂದ ಆ ಸೋರಿಕೆ ಇನ್ನೂ ಇಮ್ಮಡಿಸುತ್ತದೆ. ತಣ್ಣಗಿರುವಾಗ ಓಡಿ, ಕಾದು ನಿಂತ ಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹೊತ್ತದ ಡೀಸೆಲ್ ಗಾಡಿಯ ರಹಸ್ಯ ಬಹುಧಾ ಇದೇ. ಎಂಜಿನ್ನು ನಿಂತಿರುವಾಗ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು ಹೊಡೆದರೆ ಹೊತ್ತಿಕೊಂಡಿತೆನ್ನಿ, ಪಂಪು ಸವೆದದ್ದು ಬಹುಮಟ್ಟಿಗೆ ಖಚಿತ. ಓಡುತ್ತಿರುವ ಬಿಸಿ ಪಂಪಿನ ಮೇಲೆ ತಣ್ಣೀರು ಸುರಿಯುವವರುಂಟು; ಕವಚ ಮೊದಲು ಕುಗ್ಗಿ ಪ್ಲಂಜರನ್ನು ಕಚ್ಚಿಕೊಂಡರೆ ಇದ್ದ ಪಂಪೂ ಹೋಯಿತು.

ಆದರೆ ಪಂಪು ಕೊನೆಯ ಸಂಶಯವಾಗಿರಲಿ. ಕೆಲಸದಲ್ಲಿ ಸಾಯುವ ಡೀಸೆಲ್ ಗಾಡಿಗಳಲ್ಲಿ ಹೆಚ್ಚಿನವು ಸಾಯುವುದು ಕಸ ತುಂಬಿದ ಫಿಲ್ಟರಿನಿಂದ ಮತ್ತು ಏರ್ ಹಿಡಿಯುವುದರಿಂದ. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವಿನ ಪೈಪಿನಲ್ಲಿ, ಜಾಲರಿ ಕಟ್ಟಿಕೊಂಡಾಗ, ಪಂಪು ಎಳೆಯುವ ಸೆಳೆತದಿಂದ ಒತ್ತಡವು ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಅಲ್ಲಿಯ ತಾಮ್ರದ ವಾಷರು ಸವೆದಿದ್ದರೆ ಡೀಸೆಲ್ಲು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೋರುತ್ತದೆ. ಆದ್ದರಿಂದ ಒಂದು ಹನಿಯೂ ತೊಟ್ಟಿಕ್ಕದ ಜೋಡಣೆಯೇ ಅಪರಾಧಿಯಾಗಿರಬಹುದು. ಹೊಗೆಯೂ ಸಾಕ್ಷಿ ಹೇಳುತ್ತದೆ: ಗಾಡಿ ಸೋಲುತ್ತಿರುವಾಗ ಹೊಗೆ ತಿಳಿಯಾಗುತ್ತ ಹೋದರೆ ಡೀಸೆಲ್ಲಿನ ಕೊರತೆ, ಕಪ್ಪಾಗುತ್ತ ಹೋದರೆ ಗಾಳಿಯ ಕೊರತೆ ಅಥವಾ ಅತಿಭಾರ.

ಹಳೆಯ ಗಾಡಿಯುಳ್ಳವರು ಸಲಕರಣೆ ಡಬ್ಬಿಯಲ್ಲಿ ಪ್ಲಗ್ ಸ್ಪ್ಯಾನರು, ಫೀಲರ್ ಗೇಜು, ಒಂದು ಖಾಲಿ ಗಾಜಿನ ಬಾಟಲಿ, ನಾಲ್ಕು ತಾಮ್ರದ ವಾಷರುಗಳನ್ನು ಇಟ್ಟುಕೊಂಡಿರಬೇಕು. ಗಾಡಿ ನಿಂತ ಮೊದಲ ಐದು ನಿಮಿಷಗಳಲ್ಲಿಯೇ ಮುಚ್ಚಳ, ಕಿಡಿ ಇವನ್ನು ಇದೇ ಅನುಕ್ರಮದಲ್ಲಿ ನೋಡಿಬಿಡಿ; ಧಾರೆಯನ್ನು ಎಂಜಿನ್ನು ಆರಿದ ಬಳಿಕ ನೋಡಿ. ನೆರಳಿಗೆ ಹೋಗುವುದೇನಿದ್ದರೂ ಆಮೇಲೆ. ರೇಡಿಯೇಟರಿನ ಮುಚ್ಚಳವೊಂದನ್ನು ಮಾತ್ರ ಆ ಹೊತ್ತಿನಲ್ಲಿ ಮುಟ್ಟಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.